ನೈದಿಲೆ ಹೊಂಡಕ್ಕೊಂದು ದಂಡೆ: ಹಿತ್ತಲಿಗೆ ಕಪ್ಪೆ ಬರುವಂತೆ ಮಾಡುವುದು ಹೇಗೆ?

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಹಿಂದೆ ಒಂದಿಷ್ಟು ಹಿತ್ತಲು. ಅಲ್ಲಿ ನಾನು ಮೊದಲು ಕಟ್ಟಿಸಿದ್ದು ಸಿಮೆಂಟಿನ ಟಾಕಿ. ಮೂರು ಅಡಿ ಆಳ, ನಾಲ್ಕೂ ಕಡೆ ನೆಟ್ಟಗಿನ ಗೋಡೆ, ಒಳಗೊಂದು ಕುಂಡದಲ್ಲಿ ನೈದಿಲೆ. ಹೂ ಬಿಟ್ಟಾಗ ಮನೆಗೆ ಬಂದವರೆಲ್ಲ ಫೋಟೊ ತೆಗೆದುಕೊಂಡರು. ನನಗೂ ಖುಷಿಯೋ ಖುಷಿ.

ಮಿರಗದ ಮಳೆ ಬಿದ್ದ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಮೂರು ನೆಲಗಪ್ಪೆ ಸತ್ತು ತೇಲುತ್ತಿದ್ದವು. ಗೋಡೆಯ ಪಾಚಿಯ ಮೇಲೆ ಉದ್ದಕ್ಕೂ ಕೆರೆದ ಗುರುತು. ರಾತ್ರಿಯಿಡೀ ಹತ್ತಲು ನೋಡಿ ಸೋತಿದ್ದವು. ನೆಲಗಪ್ಪೆ ನೀರಿಗೆ ಇಳಿಯುವುದು ಮೊಟ್ಟೆ ಇಡೋದಕ್ಕೆ ಅಷ್ಟೆ. ಆಮೇಲೆ ಅದಕ್ಕೆ ನೆಲವೇ ಬೇಕು. ಅವ್ವ ಪಕ್ಕದಲ್ಲಿ ನಿಂತು ನೋಡಿ, "ಇಳಿಯಾಕ ದಾರಿ ಮಾಡಿದಿ, ಏರಾಕ ಮರ್ತಿ ನೋಡು" ಎಂದಳು. ಆ ಟಾಕಿಯನ್ನು ಅದೇ ವರ್ಷ ಒಡೆಸಿದೆ. ಈಗಿರುವುದು ಮಣ್ಣಲ್ಲಿ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ. ಇದರ ದಂಡೆಗೆ ನಾನು ಪಟ್ಟಷ್ಟು ಕಷ್ಟ ಹೂವಿಗೂ ಪಟ್ಟಿಲ್ಲ. ಕಪ್ಪೆ ಬಂದದ್ದು ದಂಡೆ ಸರಿಯಾದ ಮೇಲೆಯೇ.

ನಿಮಗೂ ಇಂಥದ್ದೊಂದು ಮಾಡಬೇಕು ಅನ್ನಿಸಿದರೆ ಕೆಲಸ ಹೀಗೆ ಶುರು ಮಾಡಿ.

ಜಾಗ ಮತ್ತು ಕಾಲ

ನೈದಿಲೆ ಹೂ ಬಿಡಲು ದಿನಕ್ಕೆ ಐದಾರು ತಾಸು ಬಿಸಿಲು ಬೇಕೇ ಬೇಕು. ಆದರೆ ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುತ್ತದೆ. ಎರಡು ಅಡಿ ನೀರು ಸಂಜೆಯ ಹೊತ್ತಿಗೆ ಬೆಚ್ಚಗಾಗಿರುತ್ತದೆ. ಅದಕ್ಕೆ ಮುಂಜಾನೆಯಿಂದ ಮಧ್ಯಾಹ್ನ ಒಂದೆರಡು ಗಂಟೆವರೆಗೆ ಬಿಸಿಲು, ಆಮೇಲೆ ಕಾಂಪೌಂಡಿನ ನೆರಳು ಬೀಳುವ ಜಾಗ ಒಳ್ಳೆಯದು. ಬೇವಿನ ಮರದ ಬುಡದಲ್ಲಿ ಬೇಡ. ಎಲೆ ಉದುರಿ ನೀರಲ್ಲಿ ಕೊಳೆತು ವಾಸನೆ ಬರುತ್ತದೆ, ಬೇರು ಹಾಳೆಯನ್ನೂ ಚುಚ್ಚುತ್ತದೆ.

ಮನೆ ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರ ಇರಲಿ. ನಮ್ಮದು ಎರೆ ಮಣ್ಣು. ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಹೊಂಡ ಸೋರಿ ಪಾಯದ ಪಕ್ಕದ ಎರೆ ತೇವವಾದರೆ ಗೋಡೆ ಬಿರುಕು ಬಿಡುವುದು ಖಂಡಿತ. ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಪಕ್ಕದ ಹೊಲದ ನೀರು ಹರಿದು ಬರುವ ತಗ್ಗಿನಲ್ಲೂ ಬೇಡ. ಕಪ್ಪೆ ನೀರನ್ನು ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಸೋಪಿನ ಪುಡಿ, ಔಷಧಿ ಎಲ್ಲ ನೇರ ಮೈಯೊಳಗೆ ಹೋಗುತ್ತವೆ. ಮಾಳಿಗೆಯ ಮಳೆನೀರಿನ ಪೈಪನ್ನು ಮಾತ್ರ ಹೊಂಡದ ಕಡೆ ತಿರುಗಿಸಿ.

ಕಾಲ ಯಾವುದು? ಮೇ ತಿಂಗಳಲ್ಲಿ ತೋಡಿ ಮುಗಿಸಿ. ರೋಹಿಣಿ ಮಳೆಯ ಹೊತ್ತಿಗೆ ಗಿಡ ನೆಡಿ. ಬಾಗಲಕೋಟೆ, ವಿಜಯಪುರ ಎರಡೂ ಕಡೆ ವರ್ಷದ ಮಳೆ ಸುಮಾರು 550-600 ಮಿಲಿಮೀಟರ್ ಅಷ್ಟೇ. ಅದರಲ್ಲೂ ಸೆಪ್ಟೆಂಬರಿನದೇ ದೊಡ್ಡ ಪಾಲು. ಬಿದ್ದ ಮಳೆಯನ್ನು ಮೊದಲ ದಿನದಿಂದಲೇ ಹಿಡಿಯಬೇಕು. ಮಳೆ ಜಾಸ್ತಿ ಬೀಳುವ ಖಾನಾಪುರದ ಕಡೆಯವರು ಇದನ್ನು ಓದಿ ನಗಬಹುದು, ಅವರ ಪುಣ್ಯ.

ತೋಡುವುದು

ನಮ್ಮ ಹೊಂಡ ಹತ್ತು ಅಡಿ ಉದ್ದ, ಆರು ಅಡಿ ಅಗಲ. ಆಳ ಒಂದು ತುದಿಯಲ್ಲಿ ಎರಡು ಅಡಿ. ಅದಕ್ಕಿಂತ ಆಳ ಬೇಕಿಲ್ಲ. ಹಗ್ಗ ಹಾಸಿ ಆಕಾರ ಗುರುತು ಮಾಡಿ, ಅದರ ಮೇಲೆ ಸುಣ್ಣದ ಗೆರೆ ಎಳೆಯಿರಿ. ಹಿಂದಿನ ರಾತ್ರಿ ನೀರು ಬಿಟ್ಟು ನೆಲ ನೆನೆಸಿ. ಇಲ್ಲದಿದ್ದರೆ ಬೇಸಿಗೆಯ ಎರೆಗೆ ಹಾರೆ ಹಾಕಿದರೂ ಠಣ್ ಅನ್ನುತ್ತದೆ.

ಆಳದ ಭಾಗ ನಾಲ್ಕು ಅಡಿ ಉದ್ದ ಸಾಕು. ಉಳಿದ ಆರು ಅಡಿ ಇಳಿಜಾರು. ಅಂದರೆ ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯಬೇಕು. ದನ ನೀರು ಕುಡಿಯಲು ಕೆರೆಗೆ ಇಳಿಯುವ ಜಾಗ ನೋಡಿದ್ದೀರಲ್ಲ, ಹಾಗೆ. ಉದ್ದದ ಒಂದು ಬದಿಗೆ ಒಂದು ಅಡಿ ಅಗಲದ ಮೆಟ್ಟಿಲು ಬಿಡಿ, ನೀರಿನಿಂದ ಒಂದು ಗೇಣು ಕೆಳಗೆ. ದಂಡೆಯ ಗಿಡಗಳಿಗೆ ಅದು ಬೇಕು.

ಮೇಲಿನ ಅಂಚು ಸುತ್ತಲೂ ಒಂದೇ ಮಟ್ಟದಲ್ಲಿದೆಯಾ ಅಂತ ನೋಡುವುದನ್ನು ಮರೆಯಬೇಡಿ. ಗೌಂಡಿಗಳು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಲೆವೆಲ್ ಹಿಡಿಯುತ್ತಾರಲ್ಲ, ಅದೇ ಸಾಕು. ಎರಡು ಇಂಚು ಹೆಚ್ಚುಕಡಿಮೆಯಾದರೆ ಒಂದು ಕಡೆ ನೀರು ಉಕ್ಕಿ, ಇನ್ನೊಂದು ಕಡೆ ಹಾಳೆ ಬಿಸಿಲಿಗೆ ಬಿದ್ದಿರುತ್ತದೆ.

ತೋಡುವಾಗ ಒಂದು ವಿಷಯ. ಮೊಣಕಾಲು ಆಳದಲ್ಲಿ ನನ್ನ ಸಲಿಕೆಗೆ ಗುಂಡಗಿನ ಮಣ್ಣುಂಡೆ ಸಿಕ್ಕಿತು. ಉಂಡೆಗೆ ಕಣ್ಣಿದ್ದವು! ಮಣ್ಣಲ್ಲಿ ಹೂತುಕೊಂಡು ಬೇಸಿಗೆ ಕಳೆಯುವ ಬಿಲಗಪ್ಪೆ ಅದು. ಹಿಂಗಾಲಿನಲ್ಲಿ ಸಲಿಕೆಯಂಥ ಗಟ್ಟಿ ಗಂಟಿರುತ್ತದೆ. ಅದರಿಂದ ಹಿಮ್ಮುಖವಾಗಿ ಮಣ್ಣು ತಳ್ಳುತ್ತಾ ತಿರುಗಿ ತಿರುಗಿ ಕೆಳಗಿಳಿಯುತ್ತದೆ. ಇಂಥದ್ದು ಸಿಕ್ಕರೆ ನೀರಿಗೆ ಹಾಕಬೇಡಿ. ನೆರಳಲ್ಲಿ ತೇವದ ಸಡಿಲ ಮಣ್ಣು ಮಾಡಿ ಅಲ್ಲಿ ಬಿಡಿ, ಅದೇ ಇಳಿದು ಹೋಗುತ್ತದೆ. ಹಿತ್ತಲಿನ ಒಂದು ಮೂಲೆಯನ್ನು ಎಂದೂ ಅಗೆಯದೆ ಸುಮ್ನೆ ಬಿಡುವುದು ನಾನು ಅಂದಿನಿಂದ ಕಲಿತದ್ದು.

ಹಾಳೆ ಹಾಸುವುದು

ಸಿಮೆಂಟು ಮತ್ತೆ ಮಾಡಿಸಬೇಡಿ ಅಂತಲೇ ನನ್ನ ಸಲಹೆ. ಎರೆಯ ಉಬ್ಬು-ತಗ್ಗಿಗೆ ಅದು ಒಂದೆರಡು ವರ್ಷದಲ್ಲಿ ಸೀಳುತ್ತದೆ. ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುವುದರಿಂದ ವಾರಗಟ್ಟಲೆ ತುಂಬಿಸಿ ಚೆಲ್ಲುತ್ತಲೂ ಇರಬೇಕು. ಎರೆ ಮಣ್ಣನ್ನೇ ತುಳಿದು ಗಟ್ಟಿ ಮಾಡಿದರೆ ಮಳೆಗಾಲದಲ್ಲಿ ನೀರು ಚೆನ್ನಾಗಿ ನಿಲ್ಲುತ್ತದೆ. ಆದರೆ ಬೇಸಿಗೆಯಲ್ಲಿ ನೀರು ಸ್ವಲ್ಪ ಇಳಿದರೂ ದಂಡೆ ಬಿರಿದು ಉಳಿದದ್ದೂ ಇಂಗುತ್ತದೆ.

ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನಿನ ಕಪ್ಪು ಹಾಳೆ ಕೇಳಿ. ಸಾದಾ ತಾಡಪತ್ರಿ ಬಿಸಿಲಿಗೆ ಒಂದೇ ವರ್ಷದಲ್ಲಿ ಪುಡಿ ಪುಡಿ. ಅಳತೆ ಲೆಕ್ಕ ಸುಲಭ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆಂದು ಎರಡು ಅಡಿ ಕೂಡಿಸಿ. ಅಗಲಕ್ಕೂ ಹಾಗೇ. ನಮ್ಮದಕ್ಕೆ 10+4+2, ಅಂದರೆ 16 ಅಡಿ. 6+4+2, ಅಂದರೆ 12 ಅಡಿ. 16 ಗುಣಿಲೆ 12ರ ಒಂದೇ ತುಂಡು ಬೇಕು, ಜೋಡಣೆ ಬೇಡ.

ಹಾಳೆಯ ಕೆಳಗೆ ಎರಡು ಇಂಚು ಮರಳು, ಅದರ ಮೇಲೆ ಹಳೆಯ ಕೌದಿ. ಅವ್ವನ ಪೆಟ್ಟಿಗೆಯಲ್ಲಿದ್ದ ನಾಲ್ಕು ಹರಿದ ಕೌದಿ ನಮಗೆ ಸಾಕಾದವು. ಕಲ್ಲಿನ ಮೊನೆ ಹಾಳೆಗೆ ಚುಚ್ಚದಂತೆ ಅಷ್ಟು ಚೆನ್ನಾಗಿ ತಡೆಯುವ ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲ ಬಿಡಿ. ಹಾಳೆಯನ್ನು ಸಡಿಲವಾಗಿ ಹಾಸಿ ನೀರು ಬಿಡಿ. ನೀರಿನ ಭಾರಕ್ಕೆ ಅದು ತಾನೇ ಕೂರುತ್ತದೆ. ಅಂಚು ಕತ್ತರಿಸುವ ಆತುರ ಬೇಡ, ಒಂದು ದಿನ ಕಾಯಿರಿ. ಇಷ್ಟು ದೊಡ್ಡ ಹೊಂಡ ಅಂದಾಜು ಎರಡು ಸಾವಿರ ಲೀಟರ್ ಹಿಡಿಯುತ್ತದೆ.

ಹಿತ್ತಲೇ ಇಲ್ಲದವರು ನೂರು ಲೀಟರಿನ ಅಗಲ ಬಾಯಿಯ ಟಬ್ಬಿನಲ್ಲಿ ಒಂದು ನೈದಿಲೆ ಬೆಳೆಸಬಹುದು. ಆದರೆ ಒಳಗೆ ಇಟ್ಟಿಗೆ ಜೋಡಿಸಿ ಮೆಟ್ಟಿಲು, ಹೊರಗೆ ಕಲ್ಲಿನ ಗುಡ್ಡೆ ಮಾಡಿ. ಮಾಳಿಗೆಗೆ ಕಪ್ಪೆ ಹತ್ತಿ ಬರದಿದ್ದರೂ ಅಳಿಲು, ಜೇನು ಬಂದೇ ಬರುತ್ತವೆ. ಅವೂ ಮುಳುಗಬಾರದಲ್ವಾ.

ದಂಡೆ

ಬರಿ ಹಾಳೆ ಪಾಚಿ ಕಟ್ಟಿದರೆ ಗಾಜಿನಷ್ಟು ಜಾರುತ್ತದೆ. ಇಳಿಜಾರಿನ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ದಪ್ಪ ಮರಳು, ನಡುನಡುವೆ ಮುಷ್ಟಿಯಷ್ಟು ಕಲ್ಲು ಹಾಕಿ. ಗೋಣಿ ಮೂರ್ನಾಲ್ಕು ತಿಂಗಳಲ್ಲಿ ಕೊಳೆಯುತ್ತದೆ. ಅಷ್ಟರಲ್ಲಿ ಗಿಡದ ಬೇರು ಮರಳನ್ನು ಹಿಡಿದಿರುತ್ತದೆ. ಪಾಲಿಶ್ ಮಾಡಿದ ಪರ್ಸಿ, ಟೈಲ್ಸ್ ಚೂರು ಬೇಡ. ಒರಟು ಮರಳುಗಲ್ಲು ಇದ್ದರೆ ಅದೇ ಮೇಲು. ಬಾದಾಮಿ, ಗುಳೇದಗುಡ್ಡದ ಕಡೆ ಯಾರಾದರೂ ಹಳೆ ಮನೆ ಕೆಡವುತ್ತಿದ್ದರೆ ಕೇಳಿ ನೋಡಿ.

ಇಳಿಜಾರಿನ ಕೊನೆಗೆ ಒಂದು ಮಾರು ಅಗಲ ಹುಲ್ಲು ಕತ್ತರಿಸದೆ ಬಿಡಿ. ನೀರಿಂದ ಹೊರಬಂದ ಕಪ್ಪೆಮರಿ ಬಿಸಿಲಿನ ಬೋಳು ನೆಲದಲ್ಲಿ ನಾಲ್ಕು ಹೆಜ್ಜೆ ಹೋಗುವುದರೊಳಗೆ ಒಣಗುತ್ತದೆ, ಇಲ್ಲ ಕಾಗೆಯ ಪಾಲಾಗುತ್ತದೆ. ಒಡೆದ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ ಅರ್ಧ ಹೂತಿಟ್ಟರೆ ನೆಲಗಪ್ಪೆಗೆ ಮನೆ. ನಮ್ಮಲ್ಲಿ ಒಂದು ಹಳೆಯ ಕೊಡಪಾನದಲ್ಲಿ ಒಬ್ಬ ದಪ್ಪ ಮಹಾಶಯ ಮೂರು ವರ್ಷದಿಂದ ಬಾಡಿಗೆ ಕೊಡದೆ ಇದ್ದಾನೆ.

ನೀರು, ಗಿಡ

ಮೊದಲ ಸಲ ಮಳೆನೀರು ತುಂಬಿಸಲು ಆದರೆ ಅದೃಷ್ಟ. ನಳದ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ತುಂಬಿಸಿ ಎರಡು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಗಿಡ ಇಳಿಸಿ. ಮುಂದೆ ನೀರು ಸೇರಿಸುವಾಗಲೂ ಒಂದು ಬಾಯ್ತೆರೆದ ಡ್ರಮ್ಮಿನಲ್ಲಿ ಒಂದು ದಿನ ನಿಲ್ಲಿಸಿದ ನೀರೇ ಒಳ್ಳೆಯದು. ಆ ಡ್ರಮ್ಮಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಅಲ್ಲೇ ಸಂಸಾರ ಹೂಡುತ್ತದೆ.

ನೈದಿಲೆಗೆ ನಮ್ಮ ಎರೆ ಮಣ್ಣಿನಂಥ ಮಣ್ಣು ಬೇರೆ ಇಲ್ಲ. ಬೇರೆ ಗಿಡಕ್ಕೆ ಜಿಗುಟು ಅಂತ ಬೈಯುತ್ತೇವೆ, ಇದಕ್ಕೆ ಆ ಜಿಗುಟೇ ಬೇಕು. ಕೊಕೊಪೀಟ್, ಎಲೆಗೊಬ್ಬರ ಹಾಕಿದರೆ ಎಲ್ಲ ತೇಲಿ ಮೇಲೆ ಬರುತ್ತದೆ. ಹದಿನೈದು ಲೀಟರಿನ ಅಗಲ ಬುಟ್ಟಿ ತೆಗೆದುಕೊಳ್ಳಿ. ತಳಕ್ಕೆ ಎರಡು ಹಿಡಿ ಚೆನ್ನಾಗಿ ಕಳಿತ ಸಗಣಿ ಗೊಬ್ಬರ. ಹಸಿ ಸಗಣಿ ಬೇಡ, ನೀರು ಕೊಳೆಯುತ್ತದೆ. ಮೇಲೆ ಎರೆ ಮಣ್ಣು. ಗೆಡ್ಡೆಯನ್ನು ನೆಟ್ಟು, ಚಿಗುರು ಮಾತ್ರ ಕಾಣುವಂತೆ ಒತ್ತಿ. ಮಣ್ಣಿನ ಮೇಲೆ ಎರಡು ಇಂಚು ಹರಳು ಹರಡಿ. ಮೊದಲ ವಾರ ಬುಟ್ಟಿಯನ್ನು ಇಟ್ಟಿಗೆ ಮೇಲೆ ಎತ್ತರದಲ್ಲಿಡಿ. ಎಲೆ ಮೇಲೆ ಬಂದಂತೆ ಒಂದೊಂದೇ ಇಟ್ಟಿಗೆ ತೆಗೆಯುತ್ತಾ ಕೆಳಗಿಳಿಸಿ. ಕೊನೆಗೆ ಚಿಗುರಿನ ಮೇಲೆ ಒಂದು-ಒಂದೂವರೆ ಅಡಿ ನೀರಿರಬೇಕು.

ಹಗಲು ಅರಳುವ ಕನ್ನೈದಿಲೆ ಒಂದು, ರಾತ್ರಿ ಅರಳಿ ಬೆಳಿಗ್ಗೆ ಬಿಸಿಲೇರುವಾಗ ಮುಚ್ಚುವ ಬಿಳಿ ನೈದಿಲೆ ಒಂದು, ಎರಡೂ ಇರಲಿ. ರಾತ್ರಿ ಕಪ್ಪೆ ನೋಡಲು ಟಾರ್ಚ್ ಹಿಡಿದು ಹೋದಾಗ ಬಿಳಿ ಹೂವೊಂದು ಅರಳಿ ನಿಂತಿದ್ದರೆ ಅದರ ಚೆಂದವೇ ಬೇರೆ. ತಾವರೆ ಬೇಕೆಂದರೆ ಬೇರೆ ಟಬ್ಬಿನಲ್ಲಿ ಬೆಳೆಸಿ. ಅದರ ಗೆಡ್ಡೆ ಓಡಾಡಲು ಬಿಟ್ಟರೆ ಒಂದೇ ಮಳೆಗಾಲದಲ್ಲಿ ಹೊಂಡ ಪೂರ್ತಿ ಅದರದ್ದೇ. ನರ್ಸರಿಯಲ್ಲಿ ಕೊಳ್ಳುವಾಗ ಮೋಸ ಹೋಗಬೇಡಿ: ಎಲೆ ನೀರಿನ ಮೇಲೆ ಎದ್ದು ನಿಂತಿದ್ದರೆ ತಾವರೆ. ಎಲೆ ನೀರಿನ ಮೇಲೇ ಮಲಗಿದ್ದು, ಅಂಚಿನಿಂದ ನಡುವಿನವರೆಗೆ ಸೀಳಿದ್ದರೆ ನೈದಿಲೆ.

ಮೆಟ್ಟಿಲಿನ ಮೇಲೆ ಬಜೆ, ಕೆಸು, ನೀರು ಬ್ರಾಹ್ಮಿ. ಬ್ರಾಹ್ಮಿ ಎಂದರೆ ಕೆಲವರು ಒಂದೆಲಗ ಕೊಡುತ್ತಾರೆ. ನಾನು ಹೇಳುತ್ತಿರುವುದು ದಪ್ಪ ಸಣ್ಣ ಎಲೆಯ, ತಿಳಿ ನೇರಳೆ ಹೂವಿನ ಬಳ್ಳಿ. ಇಳಿಜಾರಿನ ಮರಳಿನ ಮೇಲೆ ಅದು ಹಬ್ಬಿದರೆ ದಂಡೆ ಅರ್ಧ ಗೆದ್ದ ಹಾಗೆ. ನೀರೊಳಗೆ ಒಂದೆರಡು ಹಿಡಿ ಹೈಡ್ರಿಲ್ಲಾ ಎಂಬ ಮುಳುಗಿ ಬೆಳೆಯುವ ನೀರುಗಿಡ. ಜೊಂಡು ಮಾತ್ರ ಬೇಡ, ಅದರ ಬೇರಿನ ಮೊನೆ ಹಾಳೆಗೆ ತೂತು ಮಾಡುತ್ತದೆ.

ನೇರಳೆ ಹೂ ಬಿಡುವ, ಉಬ್ಬಿದ ದಂಟಿನ ಅಂತರಗಂಗೆಯನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೂ ತರಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಗಿಡ. ಎರಡು ವಾರದಲ್ಲಿ ಇದ್ದದ್ದಕ್ಕೆ ಎರಡರಷ್ಟಾಗುತ್ತದೆ. ಈಗಾಗಲೇ ಇದ್ದರೆ ತೆಗೆದು ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಹಳ್ಳಕ್ಕೋ ಕಾಲುವೆಗೋ ಎಸೆದರೆ ಘಟಪ್ರಭೆಗೆ ನೀವೇ ಕಳಿಸಿಕೊಟ್ಟಂತೆ.

ಮೊದಲ ತಿಂಗಳು ನೀರು ಹಸಿರಾಗುತ್ತದೆ. ಎಲ್ಲರೂ ಇಲ್ಲಿ ಗಾಬರಿಯಾಗಿ ನೀರು ಚೆಲ್ಲಿ ಹೊಸದು ತುಂಬಿಸುತ್ತಾರೆ, ಮತ್ತೆ ಹಸಿರಾಗುತ್ತದೆ. ಬಿಟ್ಟುಬಿಡಿ. ನೈದಿಲೆ ಎಲೆ ಅರ್ಧಕ್ಕಿಂತ ಜಾಸ್ತಿ ಮುಚ್ಚಿದ ಮೇಲೆ ನೆರಳಿಗೆ ಪಾಚಿ ತಾನೇ ಸೋಲುತ್ತದೆ. ನೂಲಿನಂಥ ಪಾಚಿಯನ್ನು ಮಾತ್ರ ಕೋಲಿಗೆ ಶ್ಯಾವಿಗೆ ಸುತ್ತಿದ ಹಾಗೆ ಸುತ್ತಿ ತೆಗೆಯಿರಿ.

ಯಾರು ಯಾರು ಬರುತ್ತಾರೆ

ಕಪ್ಪೆಯನ್ನು ಎಲ್ಲಿಂದಲೋ ಹಿಡಿದು ತರಬೇಡಿ, ಗೊದಮೊಟ್ಟೆಯನ್ನೂ ತರಬೇಡಿ. ಕಪ್ಪೆಗಳಿಗೆ ಚರ್ಮದ ಶಿಲೀಂಧ್ರ ರೋಗವೊಂದಿದೆ. ಜಗತ್ತಿನ ಹಲವು ಕಡೆ ಕಪ್ಪೆಗಳನ್ನು ಗುಂಪುಗುಂಪಾಗಿ ಕೊಂದದ್ದು ಅದೇ. ಒಂದು ಕಡೆಯ ನೀರಿನಿಂದ ಇನ್ನೊಂದು ಕಡೆಗೆ ಸಾಗಿಸಿದರೆ ಇಂಥ ರೋಗವೂ ಜೊತೆಗೆ ಬರುತ್ತದೆ. ಮಳೆಗಾಲದ ರಾತ್ರಿ ಅವು ತಾವೇ ನೀರು ಹುಡುಕಿಕೊಂಡು ಬರುತ್ತವೆ. ನಮ್ಮಲ್ಲಿ ಮೊದಲ ಅತಿಥಿ ಬಂದದ್ದು ನೀರು ತುಂಬಿದ ಹನ್ನೊಂದನೇ ದಿನ.

ಅದು ನೀರುಗಪ್ಪೆ. ಮೈ ನೀರಲ್ಲಿ ಬಿಟ್ಟು ಕಣ್ಣು ಮಾತ್ರ ಮೇಲೆ ಇಟ್ಟುಕೊಂಡು ಎಲೆಯ ಸೀಳಿನಲ್ಲಿ ತೇಲುತ್ತಿತ್ತು. ಹತ್ತಿರ ಹೋದರೆ ನೀರಿನ ಮೇಲೆ ಚಿಪ್ಪುಕಲ್ಲು ಎಸೆದ ಹಾಗೆ ಟಪ್ ಟಪ್ ಟಪ್ ಎಂದು ಜಿಗಿದು ಹೋಯಿತು. ಈ ಜಾತಿ ಹೊಂಡ ಬಿಟ್ಟು ಜಾಸ್ತಿ ದೂರ ಹೋಗುವುದಿಲ್ಲ. ಬೇಸಿಗೆಯಲ್ಲೂ ಹೊಂಡದ ನೀರಲ್ಲೇ ಇರುವುದು ಇದೊಂದೇ.

ನೆಲಗಪ್ಪೆ ಮೊಟ್ಟೆ ಇಡುವುದನ್ನು ಒಮ್ಮೆ ಪೂರ್ತಿ ನೋಡಿದೆ. ಗಂಡು ಚಿಕ್ಕದು, ಹೆಣ್ಣಿನ ಬೆನ್ನ ಮೇಲೆ ಗಟ್ಟಿಯಾಗಿ ಕೂತಿತ್ತು. ಹೆಣ್ಣು ಬ್ರಾಹ್ಮಿ ದಂಟುಗಳ ನಡುವೆ ನಿಧಾನಕ್ಕೆ ಸುತ್ತುತ್ತಿತ್ತು. ಹಿಂದೆ ಉದ್ದ ಲೋಳೆಯ ದಾರ, ಒಳಗೆ ಕರಿಮಣಿ ಪೋಣಿಸಿದ ಹಾಗೆ ಕಪ್ಪು ಚುಕ್ಕಿಗಳ ಸಾಲು. ಸುತ್ತಿದ ದಂಟಿಗೆಲ್ಲ ಆ ದಾರ ಸಿಕ್ಕಿಕೊಂಡಿತು. ಬೆಳಿಗ್ಗೆ ನೋಡಿದ ಅವ್ವ, ಯಾರೋ ತಾಳಿ ಹರಿದು ಎಸೆದಿದ್ದಾರೆ ಅಂತ ಹೌಹಾರಿದಳು. ಹೀಗೆ ದಾರದಂತಿದ್ದರೆ ನೆಲಗಪ್ಪೆಯದು. ನೀರ ಮೇಲೆ ಸಾಬೂದಾನಿ ತೆಳ್ಳಗೆ ಹರಡಿದಂತಿದ್ದರೆ ಉಗುರಿನಷ್ಟೇ ಇರುವ ಪುಟ್ಟ ಕಿರುಬಾಯಿ ಕಪ್ಪೆಯದು. ಅದರ ಗೊದಮೊಟ್ಟೆ ಗಾಜಿನಂತೆ ಪಾರದರ್ಶಕ. ಕೆಸುವಿನ ಎಲೆಗೋ ಪಕ್ಕದ ಗೋಡೆಗೋ ಸೋಪಿನ ನೊರೆಯಂಥ ಉಂಡೆ ಅಂಟಿದ್ದರೆ ತೊಳೆಯಬೇಡಿ, ಅದು ಮರಗಪ್ಪೆಯ ಗೂಡು. ಮರಿಗಳು ಅದರಿಂದ ಕೆಳಗಿನ ನೀರಿಗೆ ಉದುರುತ್ತವೆ.

ಮೊಟ್ಟೆ ಒಡೆಯಲು ಒಂದರಿಂದ ಮೂರು ದಿನ. ಗೊದಮೊಟ್ಟೆ ಕಪ್ಪೆಯಾಗಲು ನಾಲ್ಕರಿಂದ ಆರು ವಾರ. ಜೂನಿನಲ್ಲಿ ಮಳೆ ಬಂದು ಜುಲೈನಲ್ಲಿ ಕೈಕೊಡುವುದು ನಮ್ಮ ಕಡೆ ಮಾಮೂಲು. ಆ ಆರು ವಾರ ನೀರು ಇಳಿಯದಂತೆ ನೋಡಿಕೊಂಡರೆ ಸಾಕು. ಅನ್ನ, ಬಿಸ್ಕತ್ತು ಹಾಕಬೇಡಿ. ಗೊದಮೊಟ್ಟೆ ಪಾಚಿ ತಿಂದು ಬದುಕುತ್ತದೆ, ನೀವು ಹಾಕಿದ್ದು ಕೊಳೆಯುತ್ತದೆ. ಎಣಿಸಲೂ ಹೋಗಬೇಡಿ. ಕಪ್ಪೆಯನ್ನು ತಕ್ಕಡಿಯಲ್ಲಿ ತೂಗುವುದು ಕಷ್ಟ ಅನ್ನುತ್ತಾರೆ, ಎಣಿಸುವುದು ಅದಕ್ಕಿಂತ ಕಷ್ಟ. ಸಾವಿರಾರು ಮೊಟ್ಟೆಯಲ್ಲಿ ಬೆರಳೆಣಿಕೆಯಷ್ಟು ಉಳಿದರೆ ಅದೇ ಲೆಕ್ಕ.

ಗೂಳಿಗಪ್ಪೆ ಬಂದರೆ ಮಾತ್ರ ಇಡೀ ಓಣಿಗೆ ಗೊತ್ತಾಗುತ್ತದೆ. ಗಂಡು ಆ ದಿನಗಳಲ್ಲಿ ಅರಿಶಿನ ಹಚ್ಚಿದ ಮದುಮಗನ ಹಾಗೆ ಹಳದಿ, ಗಂಟಲಿನ ಎರಡೂ ಕಡೆ ನೀಲಿ ಚೀಲ. ಅದರ ಗೊದಮೊಟ್ಟೆ ಬೇರೆಯವರ ಗೊದಮೊಟ್ಟೆಯನ್ನೇ ತಿನ್ನುತ್ತದೆ. ಪಾಪ ಅಂತ ನಡುವೆ ಕೈ ಹಾಕಬೇಡಿ. ಇದರ ಕಾಲಿಗಾಗಿಯೇ ಹಿಂದೆ ಭಾರತದಿಂದ ವಿದೇಶಕ್ಕೆ ದೊಡ್ಡ ವ್ಯಾಪಾರ ನಡೆಯುತ್ತಿತ್ತು, 1987ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಗದ್ದಲಕ್ಕೆ ನೆಂಟರು ಬೇಸರಪಟ್ಟರೆ ನಾನು ಬಾದಾಮಿಯ ಬಂಡೆ ಮೇಲಿನ ಕಪ್ಪೆ ಅರಭಟ್ಟನ ಶಾಸನ ನೆನಪಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹದಿಮೂರು ನೂರು ವರ್ಷದಿಂದ ಕಪ್ಪೆಯ ಹೆಸರಿಗೆ ಮರ್ಯಾದೆ ಇದೆ ಅಂತ. ಅವರು ನಂಬುವುದಿಲ್ಲ, ಆದರೆ ಮಾತು ಬದಲಾಗುತ್ತದೆ.

ಹೂವಿನ ಕಡೆ ಬನ್ನಿ. ನೈದಿಲೆ ಅರಳಿದ ಮೊದಲ ದಿನ ಅದರ ನಡುವಿನ ಬಟ್ಟಲಲ್ಲಿ ಒಂದು ಹನಿ ದ್ರವ ನಿಂತಿರುತ್ತದೆ. ಬಗ್ಗಿ ನೋಡಿ. ಪರಾಗ ಹೊತ್ತು ಬಂದ ಜೇನು ಜಾರಿ ಅದರೊಳಗೆ ಬೀಳುತ್ತದೆ, ಮೈಗಂಟಿದ ಪರಾಗ ಅಲ್ಲೇ ಉಳಿಯುತ್ತದೆ. ಒಮ್ಮೊಮ್ಮೆ ಜೇನೂ ಅಲ್ಲೇ ಉಳಿಯುತ್ತದೆ. ಎರಡನೇ ದಿನದಿಂದ ಹೂವೇ ಪರಾಗ ಕೊಡುತ್ತದೆ. ಬೇಸಿಗೆಯಲ್ಲಿ ಹೆಜ್ಜೇನು, ಕೋಲುಜೇನು ಎಲೆಯ ಅಂಚಿನಲ್ಲಿ ಸಾಲಾಗಿ ಕೂತು ನೀರು ಕುಡಿಯುತ್ತವೆ. ಅಡ್ಡ ಹೋಗದಿದ್ದರೆ ಅವು ನಿಮ್ಮ ತಂಟೆಗೆ ಬರುವುದಿಲ್ಲ.

ಬಜೆಯ ದಂಟಿನ ಮೇಲೆ ಬೆಳಗಿನ ಹೊತ್ತು ಒಣಗಿದ ಹುಳದ ಚಿಪ್ಪು ಕಂಡರೆ, ಬೆನ್ನು ಸೀಳಿದ್ದರೆ, ಅದು ಏರೋಪ್ಲೇನ್ ಚಿಟ್ಟೆ ಕಳಚಿಟ್ಟ ಅಂಗಿ. ಅದರ ಮರಿ ನೀರೊಳಗೇ ಬೆಳೆಯುತ್ತದೆ. ಮೇಲೆ ಬರಲು ಅದಕ್ಕೊಂದು ದಂಟು ಬೇಕು, ಆ ಕಾರಣಕ್ಕೂ ಬಜೆ ನೆಡಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಿತ್ತಲ ಮೇಲೆ ಗುಂಪಾಗಿ ಹಾರುವ ಹೊಂಬಣ್ಣದವು ಹಿಂದೂ ಮಹಾಸಾಗರ ದಾಟಿ ಆಫ್ರಿಕಾದವರೆಗೆ ಹೋಗುವ ಜಾತಿ. ನಮ್ಮ ಹೊಂಡ ಅವಕ್ಕೆ ದಾರಿಯ ಚಹಾದಂಗಡಿ.

ಹಕ್ಕಿಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನೀರಿದ್ದಲ್ಲಿ ಅವು ಬಂದೇ ಬರುತ್ತವೆ. ಗುಬ್ಬಿ, ಪಿಕಳಾರ ಇಳಿಜಾರಿನ ಒಂದು ಇಂಚು ನೀರಲ್ಲಿ ಸ್ನಾನ ಮಾಡುತ್ತವೆ. ಚಳಿಗಾಲಕ್ಕೆ ಬಾಲ ಕುಣಿಸುವ ಸಿಪಿಲೆ. ಮಿಂಚುಳ್ಳಿಯೂ ಬಕವೂ ಕಪ್ಪೆ ತಿನ್ನಲೆಂದೇ ಬರುತ್ತವೆ. ಕಪ್ಪೆ ಅಡಗಲು ಎಲೆ, ಕಲ್ಲಿನ ಸಂದು ಇದ್ದರೆ ಆಯಿತು. ಉಳಿದದ್ದು ಅವರವರ ಹೊಟ್ಟೆಪಾಡು.

ಸೊಳ್ಳೆ, ಹಾವು, ಮಕ್ಕಳು

ಪಕ್ಕದ ಮನೆ ಕಾಕಾ ಮೊದಲ ವಾರವೇ ಗೋಡೆ ಮೇಲಿಂದ ಕೇಳಿದರು: "ಓಣಿಗೆ ಡೆಂಗಿ ತರಾಕ ಹತ್ತೀಯೇನೋ ತಮ್ಮಾ?" ಕೇಳಿದ್ದು ತಪ್ಪೇನಲ್ಲ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು.

ಕಪ್ಪೆ ಇದ್ದರೆ ಸೊಳ್ಳೆ ಇರುವುದಿಲ್ಲ ಎಂದು ಹಲವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಸೊಳ್ಳೆಮರಿಯನ್ನು ಮುಖ್ಯವಾಗಿ ತಿನ್ನುವುದು ಏರೋಪ್ಲೇನ್ ಚಿಟ್ಟೆಯ ಮರಿ ಮತ್ತು ನೀರಿನ ತಿಗಣೆಗಳು. ಅವು ಬಂದು ನೆಲೆಯಾಗಲು ಒಂದೆರಡು ತಿಂಗಳು ಬೇಕು. ಅಲ್ಲಿಯವರೆಗೆ ವಾರಕ್ಕೊಮ್ಮೆ ಬಿಳಿ ತಟ್ಟೆಯಲ್ಲಿ ನೀರು ಮೊಗೆದು ನೋಡಿ. ಸೊಳ್ಳೆಮರಿ ಕಂಡರೆ ಬಿಟಿಐ ಎಂಬ ಪುಡಿ ಸಿಗುತ್ತದೆ. ಅದು ಸೊಳ್ಳೆಮರಿಗೆ ಮಾರಕ, ಗೊದಮೊಟ್ಟೆಗೆ ತೊಂದರೆಯಿಲ್ಲ. ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆ ಸುರಿಯಬೇಡಿ, ಎಲ್ಲವೂ ಸಾಯುತ್ತವೆ.

ಗ್ಯಾಂಬೂಸಿಯಾ ಮೀನು ಬಿಡಿ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಉತ್ತರ ಅಮೆರಿಕದ ಈ ಮೀನು 1928ರಲ್ಲಿ ಭಾರತಕ್ಕೆ ಬಂತು. ಸೊಳ್ಳೆಮರಿ ತಿನ್ನುವುದು ನಿಜ, ಕಪ್ಪೆ ಮೊಟ್ಟೆ, ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಮೀನು ಬೇಕೋ ಕಪ್ಪೆ ಬೇಕೋ, ಮೊದಲೇ ತೀರ್ಮಾನ ಮಾಡಿ. ತಾವರೆ ಟಬ್ಬಿನಲ್ಲಿ ಮೀನು, ಹೊಂಡದಲ್ಲಿ ಕಪ್ಪೆ, ಇದು ನಮ್ಮ ಮನೆಯ ಒಪ್ಪಂದ. ಅಂದ ಹಾಗೆ, ಡೆಂಗಿ ಸೊಳ್ಳೆಗೆ ಇಷ್ಟವಾದದ್ದು ಸಣ್ಣ ಪಾತ್ರೆಯಲ್ಲಿ ನಿಂತ ನೀರು. ಆಶಾ ಕಾರ್ಯಕರ್ತೆ ಪರೀಕ್ಷೆಗೆ ಬಂದಾಗ ನಮ್ಮ ಹೊಂಡದಲ್ಲಿ ಮರಿ ಸಿಗಲಿಲ್ಲ. ಸಿಕ್ಕಿದ್ದು ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ. ಕಾಕಾ ಈಗಲೂ ಅದನ್ನು ಹೇಳಿ ನಗುತ್ತಾರೆ.

ಅವರ ಎರಡನೇ ಮಾತು: "ಕಪ್ಪಿ ಬಂದ್ರ ಬೆನ್ನ ಹಿಂದ ಹಾವು ಬರ್ತೈತಿ." ಬರುತ್ತದೆ, ಸುಳ್ಳು ಹೇಳುವುದಿಲ್ಲ. ಸಾಮಾನ್ಯವಾಗಿ ಬರುವುದು ಚೌಕಳಿ ಮೈಯ ನೀರುಹಾವು. ಸಿಟ್ಟಿನದು, ಹಿಡಿದರೆ ಕಚ್ಚುತ್ತದೆ, ಆದರೆ ವಿಷವಿಲ್ಲ. ಕೇರೆಹಾವಿಗೂ ವಿಷವಿಲ್ಲ. ನಾಗರ ಬರುವುದೇ ಇಲ್ಲ ಅನ್ನಲಾಗದು. ಅದಕ್ಕೆ ಹೊಂಡದಿಂದ ಮನೆಯ ಬಾಗಿಲಿನವರೆಗಿನ ದಾರಿ ಬೋಳಾಗಿರಲಿ, ಹುಲ್ಲೂ ಕಲ್ಲೂ ಆಚೆ ಬದಿಗಿರಲಿ. ಕಟ್ಟಿಗೆ ರಾಶಿ ಹತ್ತಿರ ಬೇಡ. ರಾತ್ರಿ ಟಾರ್ಚ್, ಕಾಲಿಗೆ ಬೂಟು. ಕಂಡರೆ ಹೊಡೆಯಲು ಹೋಗಬೇಡಿ, ದೂರ ನಿಂತು ಹಾವು ಹಿಡಿಯುವವರನ್ನು ಕರೆಯಿರಿ. ಯಾವ ಹಾವೇ ಕಚ್ಚಿರಲಿ, ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಎಲ್ಲಕ್ಕಿಂತ ಮುಖ್ಯ. ಅರ್ಧ ಅಡಿ ನೀರೂ ಮಗುವಿಗೆ ಅಪಾಯ. ಕಬ್ಬಿಣದ ಚೌಕಟ್ಟಿಗೆ ವೆಲ್ಡ್ ಮೆಶ್ ಜಾಳಿಗೆ ಹಾಕಿಸಿ ಹೊಂಡದ ಮೇಲೆ ಮುಚ್ಚಿ. ಕಣ್ಣು ಎರಡು-ಮೂರು ಇಂಚು ಇದ್ದರೆ ಕಪ್ಪೆಯೂ ಹೋಗಿ ಬರುತ್ತದೆ, ಎಲೆ-ಹೂವೂ ಮೇಲೆ ಬರುತ್ತವೆ. ಮಗು ಐದಾರು ವರ್ಷ ದಾಟುವವರೆಗೆ ಹೊಂಡವೇ ಬೇಡ, ಟಬ್ಬಿನಲ್ಲಿ ಸಾಕು ಅಂದರೂ ನಾನು ಒಪ್ಪುತ್ತೇನೆ. ದೊಡ್ಡ ಮಕ್ಕಳು ಕಪ್ಪೆ ಮುಟ್ಟಲೇಬೇಕೆಂದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಲಿ, ಆಮೇಲೆ ಸೋಪಿನಿಂದ ತೊಳೆದುಕೊಳ್ಳಲಿ. ನೆಲಗಪ್ಪೆಯ ಕಿವಿಯ ಹಿಂದಿನ ಗಂಟಿನಲ್ಲಿ ವಿಷದ ಹಾಲಿರುತ್ತದೆ. ನಾಯಿ ಬಾಯಿ ಹಾಕಿದರೆ ನೊರೆ ಕಾರುತ್ತದೆ, ತಕ್ಷಣ ಬಾಯಿ ತೊಳೆದು ವೈದ್ಯರಿಗೆ ತೋರಿಸಿ.

ಇನ್ನೊಂದು, ನೆಲಗಪ್ಪೆ ಅಂಗಳಕ್ಕೆ ಬಂದರೆ ಉಪ್ಪು ಎರಚುವವರಿದ್ದಾರೆ. ಅದರ ಚರ್ಮಕ್ಕೆ ಉಪ್ಪು ಬೆಂಕಿ ಇದ್ದಂತೆ. ಮಳೆ ಬಾರದಿದ್ದರೆ ಗುರ್ಜಿ ಹೊತ್ತು ಮನೆಮನೆ ತಿರುಗುವ, ಕಪ್ಪೆಗೆ ಮದುವೆ ಮಾಡಿಸುವ ಊರಿನವರು ನಾವು. ಮಳೆ ಬಂದ ಮೇಲೆ ಮದುಮಗನಿಗೆ ಉಪ್ಪು ಎರಚಿದರೆ ಹೇಗೆ?

ಬೇಸಿಗೆ ದಾಟಿಸುವುದು

ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೆ ಒಂದು ಸೆಂಟಿಮೀಟರಿನ ಹತ್ತಿರ ನೀರು ಆವಿಯಾಗುತ್ತದೆ. ನಮ್ಮ ಹೊಂಡಕ್ಕೆ ಅದು ಸುಮಾರು 55 ಲೀಟರ್, ಹೆಚ್ಚುಕಡಿಮೆ ನಾಲ್ಕು ಕೊಡ. ನೀರಿನ ಅಭಾವ ಇರುವ ಓಣಿಯಾದರೆ ಇದನ್ನು ಮೊದಲೇ ಯೋಚಿಸಿ. ನಾವು ಬೇಸಿಗೆಯಲ್ಲಿ ಹೊಂಡ ಪೂರ್ತಿ ತುಂಬಿಸುವುದಿಲ್ಲ. ಆಳದ ಭಾಗದಲ್ಲಿ ಒಂದೂವರೆ ಅಡಿ ನಿಂತರೆ ನೈದಿಲೆಯೂ ನೀರುಗಪ್ಪೆಯೂ ಬದುಕುತ್ತವೆ. ಇಳಿಜಾರಿನ ಮುಕ್ಕಾಲು ಪಾಲು ನೀರಲ್ಲೇ ಇರುವುದರಿಂದ ಹತ್ತುವ ದಾರಿ ಆಗಲೂ ತಪ್ಪುವುದಿಲ್ಲ. ನೀರನ್ನು ಸಂಜೆ ಹಾಕಿ, ಮೇಲಿಂದ ಸುರಿಯದೆ ಕಲ್ಲಿನ ಮೇಲೆ ಹರಿಬಿಡಿ.

ವರ್ಷಕ್ಕೊಮ್ಮೆ, ಚಳಿ ಮುಗಿದ ಮೇಲೆ, ಮಳೆಗೆ ಮೊದಲು ಹೂಳು ತೆಗೆಯಿರಿ. ಒಂದೇ ದಿನ ಎಲ್ಲ ಬಳಿಯಬೇಡಿ. ಈ ವರ್ಷ ಅರ್ಧ, ಬರುವ ವರ್ಷ ಇನ್ನರ್ಧ. ತೆಗೆದ ಹೂಳು, ಹೈಡ್ರಿಲ್ಲಾ, ಹಳೆ ಎಲೆಗಳನ್ನು ಆ ರಾತ್ರಿ ಇಳಿಜಾರಿನ ಅಂಚಿಗೇ ರಾಶಿ ಹಾಕಿಡಿ. ಅದರಲ್ಲಿ ಸಿಕ್ಕಿಕೊಂಡ ಹುಳ, ಮರಿ, ಬಸವನಹುಳು ಎಲ್ಲ ಬೆಳಗಾಗುವುದರೊಳಗೆ ತೆವಳಿ ವಾಪಸ್ ನೀರಿಗೆ ಹೋಗುತ್ತವೆ. ಮರುದಿನ ಗೊಬ್ಬರದ ಗುಂಡಿಗೆ ಹಾಕುವ ಮುನ್ನ ಒಮ್ಮೆ ಕೈಯಿಂದ ಕೆದಕಿ ನೋಡಿ. ಕಳೆದ ಮಾರ್ಚಿನಲ್ಲಿ ನಾನು ಕೆದಕಿದಾಗ ರಾಶಿಯ ತಂಪಿನಲ್ಲಿ ಕೂತಿದ್ದದ್ದು ಕೊಡಪಾನದ ಬಾಡಿಗೆದಾರ. ನನ್ನನ್ನು ನೋಡಿ ಒಂದು ಸಲ ಕಣ್ಣು ಮುಚ್ಚಿ ತೆರೆದ, ಜಾಗ ಬಿಡಲಿಲ್ಲ. ಗೊಬ್ಬರದ ಕೆಲಸ ಮರುದಿನಕ್ಕೆ ಹೋಯಿತು.